ಹೆಡ್‌ಲೈಟಿನ ಗುಲಾಬಿ ಕಿವಿ

ನನ್ನ ಮೇಲಿನ ಸಾಲಿನ ಕೃತಕ ಹಲ್ಲುಗಳನ್ನು ಮಾಡಿದವನು ನೆರೆಮನೆಯ ಗೆಳೆಯನೇ. ಮೂವತ್ತು ವರ್ಷ ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಕೂತು, ಮೇಣದ ಅಚ್ಚು ತೆಗೆದು, ಗುಲಾಬಿ ಪುಡಿ ಕಲಸಿ ಒಸಡು ಮಾಡಿ ಹಲ್ಲು ಕೂರಿಸುತ್ತಿದ್ದ. ಎಲ್ಲರ ಬಾಯಲ್ಲೂ ಹಲ್ಲಣ್ಣ.

ಐವತ್ತೆರಡನೇ ವಯಸ್ಸಿನಲ್ಲಿ ಅವನೊಂದು ಕಪ್ಪು ಸೆಡಾನ್ ಕೊಂಡ. ಹನ್ನೆರಡು ವರ್ಷ ಹಳೆಯದು, ಮೂರು ಕೈ ದಾಟಿದ್ದು, ಆರು ಸಿಲಿಂಡರಿನದು. ನೋಡಲು ಸಾಧು ಗುಮಾಸ್ತನ ಹಾಗಿತ್ತು. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಅವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, "ಈ ಮುದುಕನ ಸೇವೆ ಯಾರು ಮಾಡೋದು?" ಎಂದರು.

"ನಾನೇ ಕಣೇ. ನಿನ್ನ ಕೇಳಿದ್ನಾ?"

"ಮನೇಲಿ ಒಬ್ರು ಸಾಲ್ದಾ ಅಂತ ಕೇಳಿದೆ, ಅಷ್ಟೇ."

ಎಂಜಿನ್ನಿಗೆ ಮೆಕ್ಯಾನಿಕ್ ಇದ್ದ. ಮುರಿದ ಪ್ಲಾಸ್ಟಿಕ್ಕಿಗೆ ದಿಕ್ಕಿರಲಿಲ್ಲ. ಆ ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಕಿಟಕಿಯ ಸ್ವಿಚ್ಚು, ಡಿಕ್ಕಿಯ ಕ್ಲಿಪ್ಪು ಎಲ್ಲವನ್ನೂ ಅವನು ಹಲ್ಲಿನ ಸಾಮಾನಿನಲ್ಲೇ ಮಾಡಿಕೊಂಡ. ಎಲ್ಲವೂ ಒಸಡಿನ ಬಣ್ಣ. ಬಾನೆಟ್ ಎತ್ತಿದಾಗಲೆಲ್ಲ ಮೆಕ್ಯಾನಿಕ್, "ಅಣ್ಣ, ಗಾಡಿ ಕೈಲಿ 'ಆ...' ಅನ್ಸಿ!" ಎನ್ನುತ್ತಿದ್ದ. ಒಮ್ಮೆ ಹಲ್ಲಣ್ಣ ರೇಡಿಯೇಟರಿನ ಪೈಪಿಗೂ ಆ ಗುಲಾಬಿ ಸಾಮಾನಿನದೇ ಜೋಡಣೆ ಹಾಕಿ, ನಡುರಸ್ತೆಯಲ್ಲಿ ಅದು ಸಿಡಿದು, ಹಬೆಯ ನಡುವೆ ಪೆಚ್ಚಾಗಿ ನಿಂತಿದ್ದ. "ಕಾಫಿ ಬಿಸಿಗೆ ತಡಿಯುತ್ತೆ ಕಣೋ. ಇದಕ್ಕೂ ತಡಿಯುತ್ತೆ ಅಂದ್ಕೊಂಡೆ."

ಕಳೆದ ವರ್ಷ ಅವನು ಕಾಯಿಲೆ ಬಿದ್ದಾಗಲೇ ಗಾಡಿಯ ಸರ್ಕಾರಿ ತಪಾಸಣೆಯೂ ಬಂತು. ಎಡ ಹೆಡ್‌ಲೈಟನ್ನು ಹಿಡಿದಿಡುವ ಪ್ಲಾಸ್ಟಿಕ್ ಕಿವಿ ಮುರಿದಿತ್ತು; ಬೆಳಕು ಕುಣಿಯುತ್ತಿತ್ತು. ತಿಂಗಳೊಳಗೆ ಸರಿಮಾಡದಿದ್ದರೆ ಗಾಡಿ ಗುಜರಿಗೆ ಎಂದರು. ಹೋಗಲಿ ಬಿಡು ಎಂದೆ ನಾನು.

"ಒಂದು ಹಲ್ಲು ಅಲ್ಲಾಡಿದ್ರೆ ತಲೇನೇ ತೆಗೀತಾರೇನೋ?" ಎಂದ.

ಮಂಚದ ಮೇಲೆ ತಟ್ಟೆ ಇಟ್ಟುಕೊಂಡು ಮುರಿದ ಚೂರುಗಳನ್ನು ಜೋಡಿಸಿ ಅಚ್ಚು ತೆಗೆದ. ಕಲಸಿದ ಪುಡಿ ಗಟ್ಟಿಯಾಗಲು ಅಚ್ಚಿನ ಡಬ್ಬಿಯನ್ನು ನೀರಲ್ಲಿ ಕುದಿಸುವ ಕೆಲಸ ಅತ್ತಿಗೆಗೆ ಬಂತು.

"ಕುದೀತಾ?" ಕೋಣೆಯಿಂದ ಅವನ ದನಿ.

"ಮಗಳು ಹುಟ್ಟೋವಾಗ್ಲೂ ಇಷ್ಟು ಸಲ ಕೇಳ್ಲಿಲ್ಲ ನೀವು!"

ಕಿವಿ ತಯಾರಾಯಿತು. ಎರಡು ದಿನ ಉಜ್ಜಿ ನಯಮಾಡಿ, ಹಲ್ಲಿನ ಸೆಟ್ ಇಡುವ ಪುಟ್ಟ ಡಬ್ಬಿಯಲ್ಲಿಟ್ಟ. ಅದನ್ನು ಗಾಡಿಗೆ ಕೂರಿಸುವ ಮೊದಲೇ ಹೋಗಿಬಿಟ್ಟ.

ಹದಿನೈದು ದಿನವಾದ ಮೇಲೆ ಅತ್ತಿಗೆ ಆ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. "ನಾಳೆ ಕಡೇ ದಿನ. ಗಾಡಿ ಉಳೀಬೇಕು."

"ನಿಮಗೆ ಓಡಿಸೋಕೆ ಬರಲ್ವಲ್ಲ, ಅತ್ತಿಗೆ?"

"ಕಲೀತೀನಿ. ಸೇವೆ ಅಂತೂ ಗೊತ್ತಿದೆ."

ಮೆಕ್ಯಾನಿಕ್ ಎರಡು ಸ್ಕ್ರೂ ಬಿಗಿದ. ಅಂದು ಅವನು ತಮಾಷೆ ಮಾಡಲಿಲ್ಲ.

ಮರುದಿನ ತಪಾಸಣೆಯವರು ಬಗ್ಗಿ ನೋಡಿದರು. "ಇದೇನ್ರಿ, ಈ ಬಣ್ಣ?"

"ನಮ್ಮನೆಯವರು ಮಾಡಿದ್ದು," ಎಂದರು ಅತ್ತಿಗೆ. "ಗಟ್ಟಿಯಾಗೇ ಅಲ್ಲಾಡ್ಸಿ ನೋಡಿ."

ಅವರು ಎರಡೂ ಕೈಯಲ್ಲಿ ದೀಪ ಹಿಡಿದು ಅಲ್ಲಾಡಿಸಿದರು. ನನ್ನ ನಾಲಿಗೆ ತಾನಾಗಿಯೇ ಮೇಲಿನ ಸಾಲನ್ನು ಒತ್ತಿ ಹಿಡಿದಿತ್ತು. ದೀಪ ಕದಲಲಿಲ್ಲ. ಪಾಸ್ ಎಂದು ಬರೆದುಕೊಟ್ಟರು.

ವಾಪಸು ನಾನು ಗಾಡಿ ಓಡಿಸುವಾಗ ಅತ್ತಿಗೆ ಪಕ್ಕದ ಸೀಟಿನಲ್ಲಿ ಖಾಲಿ ಡಬ್ಬಿ ಹಿಡಿದು ಕೂತಿದ್ದರು. "ನಿಧಾನ," ಎಂದರು, ಅವನಿಗೆ ಹೇಳುತ್ತಿದ್ದ ಹಾಗೇ. ರಸ್ತೆ ಖಾಲಿಯಾದಾಗ ಕಿಟಕಿಯ ಕಡೆ ಮುಖ ತಿರುಗಿಸಿ, "ಒಂದ್ಸಲ ಆಕ್ಸಿಲರೇಟರ್ ಒತ್ತಿ," ಎಂದರು.

ಒತ್ತಿದೆ.