ಕಾಲುವೆಗೆ ನೀರು ಬಿಟ್ಟ ದಿನ

ದೇಶನೂರಿನ ನಮ್ಮ ಕಾಲುವೆಯ ತಳಕ್ಕೆ ಕಾಂಕ್ರೀಟ್ ಹಾಕದೆಯೇ ಗುತ್ತಿಗೆದಾರ ಸರ್ಕಾರದಿಂದ ಬಿಲ್ ಎತ್ತಿದ್ದ. ಅವನ ಕೈಕೆಳಗೆ ಮೇಸ್ತ್ರಿಯಾಗಿದ್ದ ನಾನೇ ದೂರು ಕೊಟ್ಟೆ, ಕೆಲಸ ಹೋಯಿತು. ಬಳ್ಳಾರಿಯ ವಕೀಲರೊಬ್ಬರು ನನ್ನ ಪರವಾಗಿ ನಿಂತರು.

"ಸಾರ್, ಕಾಲುವಿ ಒಣಗಿದ್ದಾಗಲೇ ಕೋರ್ಟಿನವರು ಬಂದು ನೋಡಬೇಕ್ರಿ. ನೀರು ಬಿಟ್ಟರ ತಳ ಕಾಣಂಗಿಲ್ಲ," ಎಂದು ಮೊದಲ ದಿನವೇ ಹೇಳಿದ್ದೆ.

"ನಾ ಅದೀನಲ್ಲ, ನೀವು ಆರಾಮ ಮನಿಗೆ ಹೋಗ್ರಿ," ಎಂದು ಅವರು ನನ್ನ ಹೆಗಲು ತಟ್ಟಿದರು.

ನಂಬಿ ಬಂದೆ. ಬೇಸಿಗೆಯಿಡೀ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಇದು ಗುತ್ತಿಗೆದಾರನ ಕಡೆಯವರ ಆಟವೆಂದು ಅವರಿಗೇ ಶಾಪ ಹಾಕುತ್ತಿದ್ದೆ. ಕೊನೆಗೊಂದು ದಿನ ಕೋರ್ಟಿನ ಗುಮಾಸ್ತರು ತಡೆಯಲಾರದೆ ಹೇಳಿಬಿಟ್ಟರು: "ಪ್ರತಿ ಸಲ ವಾಯಿದೆ ಕೇಳಿದವರು ನಿಮ್ಮ ವಕೀಲರೇ ರೀ. ನಿಮಗ ಆರಾಮಿಲ್ಲ ಅಂತ ಹೇಳ್ಯಾರ."

ಗುಂಡುಕಲ್ಲಿನಂತಿದ್ದ ನನಗೆ!

ಊರಿಗೆ ಬಂದರೆ ಕಾಲುವೆ ತುಂಬಿ ಹರಿಯುತ್ತಿತ್ತು. ಹೆಂಗಸರು ಅರಿಶಿನ ಕುಂಕುಮ ಹಾಕಿ ಕೈಮುಗಿಯುತ್ತಿದ್ದರು. ನೀರು ಕಂಡು ಹೊಟ್ಟೆಗೆ ಬೆಂಕಿ ಬಿದ್ದದ್ದು ಇಡೀ ಊರಲ್ಲಿ ನನಗೊಬ್ಬನಿಗೇ. ದಂಡೆಯ ಮೇಲೆ ನಿಂತೇ ವಕೀಲರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: "ಕಾಲುವಿಗೆ ನೀರು ಬಂತೇನ್ರಿ?"