ಸಂಬಂಧವಿಲ್ಲದ ಮಳೆ

ಯಾವ ಊರಿಗೆ ಹೊರಟರೂ ಅದರ ಹವಾಮಾನವನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳುವ ಚಟ ನನಗಿದೆ. ಶಹಾಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು ನಾನು. ಬದನೆಕಾಯಿ ಕೊಳ್ಳುವಾಗಲೂ ಯಾವ ಮಣ್ಣಿನದೆಂದು ವಿಚಾರಿಸಿ ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ. ಇಂಥವನ ಕೈಗೆ ಮೂರು ದಿನದ ಬ್ಯಾಂಕಾಕ್ ಪ್ರವಾಸ ಸಿಕ್ಕರೆ ಬಿಡುತ್ತಾನೆಯೇ?

ಹೋಗಬೇಕೆಂದವಳು ನನ್ನ ಅಕ್ಕ. ಕೆಂಭಾವಿಯಲ್ಲಿ ಹತ್ತಿ, ತೊಗರಿ ಬೆಳೆದುಕೊಂಡು, ಹೊಲಮನೆಯನ್ನು ತಾನೇ ನಡೆಸಿಕೊಂಡು ಬಂದ ಹೆಂಗಸು. ದೋಣಿಯಲ್ಲಿ ಕೂತು ತರಕಾರಿ ಮಾರುವ ಆ ಊರನ್ನು ಟೀವಿಯಲ್ಲಿ ನೋಡಿದವಳು, “ತಮ್ಮಾ, ಅಲ್ಲಿಗೆ ಒಮ್ಮಿ ಕರಕೊಂಡು ಹೋಗು” ಎಂದಳು. ಅಷ್ಟೇ ಹೇಳಿದಳು. ಯಾಕೆಂದು ನಾನೂ ಕೇಳಲಿಲ್ಲ.

ಹನ್ನೆರಡು ತಿಂಗಳನ್ನೂ ಜರಡಿ ಹಿಡಿದೆ. ಏಪ್ರಿಲ್ ಬೇಡ. ಬಿಸಿಲು ನೋಡಲು ನಮ್ಮ ಯಾದಗಿರಿ ಸೀಮೆಯವರು ವಿಮಾನ ಹತ್ತುವುದೆಂದರೆ ಕೊಡದಲ್ಲಿ ನೀರು ಹೊತ್ತು ಕೃಷ್ಣೆಗೆ ಸುರಿಯಲು ಹೋದಂತೆ. ಆಗಸ್ಟ್, ಸೆಪ್ಟೆಂಬರ್ ಬೇಡ, ಬೀದಿಯಲ್ಲಿ ನೀರು ನಿಲ್ಲುತ್ತದೆ. ಜನವರಿಯಾದರೆ ಆಕಾಶ ತೊಳೆದಿಟ್ಟಂತೆ, ಮಳೆಯ ಸುಳಿವಿಲ್ಲ. ನಮ್ಮ ಪಂಚಾಂಗಕ್ಕೆ ಆರು ಋತು ಬೇಕು. ಪ್ರವಾಸಿಗೆ ಎರಡೇ ಸಾಕು, ಮಳೆ ಬರುವುದೊಂದು, ಬಾರದಿರುವುದೊಂದು. ಆದರೆ ಯಾರಿಗೆ ಯಾವುದು ಬೇಕೆಂಬುದನ್ನು ಪಂಚಾಂಗ ಹೇಳುವುದಿಲ್ಲ, ಹೊರಟವರನ್ನೇ ಕೇಳಬೇಕು. ಈ ಬುದ್ಧಿ ನನಗೆ ತಡವಾಗಿ ಬಂತು.

ತೊಗರಿ ರಾಶಿ ಅವಸರದಲ್ಲಿ ಮುಗಿಸಿ ಅಕ್ಕ ಸಿದ್ಧಳಾದಳು. ಯಾದಗಿರಿಯಿಂದ ರೈಲಿನಲ್ಲಿ ಹೈದರಾಬಾದ್, ಅಲ್ಲಿಂದ ವಿಮಾನ. ನಾನು ಲೆಕ್ಕ ಹಾಕಿದಂತೆಯೇ ಎಲ್ಲವೂ ನಡೆಯಿತು. ಮೂರು ದಿನವೂ ಮೋಡದ ಚೂರಿಲ್ಲ. ಅಕ್ಕ ಗುಡಿಗಳನ್ನು ನೋಡಿದಳು, ಗಂಟಿನಲ್ಲಿ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದಳು, ಆಗಾಗ ಕತ್ತೆತ್ತಿ ಆಕಾಶ ನೋಡಿದಳು. ಶುಭ್ರ ಆಕಾಶಕ್ಕೆ ಮರುಳಾಗಿದ್ದಾಳೆಂದು ನಾನು ಒಳಗೊಳಗೇ ಬೀಗಿದೆ.

ಕೊನೆಯ ಸಂಜೆ ನದಿಯ ದೋಣಿಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದಳು, “ಇಲ್ಲಿ ಮಳಿ ಯಾವಾಗ ಬರ್ತದೋ?”

“ಈಗ ಬರಂಗಿಲ್ಲಕ್ಕಾ. ಮಳಿ ತಪ್ಪಿಸೇ ದಿನಾ ತಗದೀನಿ” ಎಂದೆ, ಬಹುಮಾನ ಗೆದ್ದವನಂತೆ.

ಅವಳು ಸೆರಗು ಹೆಗಲಿಗೆ ಎಳೆದುಕೊಂಡಳು. “ಊರಾಗ ಮಳಿ ಬಂದ್ರ ಸುಮ್ನ ಕುಂತು ನೋಡಾಕ ಆಗ್ತದೇನು? ತೊಗರಿ ಹೂ ಉದುರ್ತದ, ಹತ್ತಿ ಕರ್ರಗಾಗ್ತದ. ಬರಲಿಲ್ಲಂದ್ರ ಅದೊಂದು ಚಿಂತಿ. ನನಗ ಏನೂ ಸಂಬಂಧ ಇಲ್ಲದ ಮಳಿ ಒಮ್ಮಿ ಕಣ್ತುಂಬ ನೋಡಬೇಕಂತ ಬಂದಿದ್ದೆ. ಟೀವ್ಯಾಗ ಹಾಂಗೇ ಸುರಿಯಾಕತ್ತಿತ್ತು.” ಆಮೇಲೆ ನನ್ನ ಮುಖ ನೋಡಿ, “ಇರಲಿ ಬಿಡು, ಬಿಸಿಲೂ ಛಲೋ ಅದ” ಎಂದಳು.

ಆ ಸಮಾಧಾನದ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ಮಳೆಗಾಲದಲ್ಲಿ ಮತ್ತೆ ಬರೋಣವೆಂದೆ. ಹೂಂಗುಟ್ಟಿದಳು. ಆದರೆ ಕಾರಹುಣ್ಣಿಮೆಯ ಹೊತ್ತಿಗೆ ಅವಳ ಮೊಣಕಾಲು ಹಟ ಹಿಡಿದವು. ದೂರದ ಪ್ರಯಾಣ ಬೇಡವೆಂದರು ಡಾಕ್ಟರು. ಅದೇ ವರ್ಷ ದಸರೆ ರಜೆಯಲ್ಲಿ ನಮ್ಮ ಶಾಲೆಯ ಮೇಷ್ಟ್ರುಗಳ ಗುಂಪು ಅದೇ ಊರಿಗೆ ಹೊರಟಿತು. ಅಲ್ಲಿ ಇನ್ನೂ ಮಳೆಗಾಲ. ನಾನು ಒಲ್ಲೆನೆಂದೆ. ಅಕ್ಕ ಬಿಡಲಿಲ್ಲ. “ನನ್ನ ಮೊಣಕಾಲು ಹೊಸ್ತಿಲಾ ದಾಟಾಕ ಒಲ್ಲೆ ಅಂತಾವ. ನೀನರೆ ಹೋಗು” ಎಂದಳು.

ಹೋದ ಮರುದಿನ ಮಧ್ಯಾಹ್ನವೇ ಅದು ಬಂತು. ನಮ್ಮ ಕಡೆಯಂತೆ ಗುಡುಗಿ ಹೆದರಿಸಿ, ಸತಾಯಿಸಿ ಬರುವ ಮಳೆಯಲ್ಲ. ಯಾರೋ ಮೇಲಿನಿಂದ ಹಂಡೆಯನ್ನೇ ಬೋರಲು ಹಾಕಿದಂತೆ. ಗೆಳೆಯರು ಅಂಗಡಿಯ ತಗಡಿನ ಕೆಳಗೆ ನುಗ್ಗಿದರು. ನಾನು ಛತ್ರಿ ಹಿಡಿದು ಬೀದಿಯಲ್ಲೇ ನಿಂತು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಫೋನಿನ ಕಣ್ಣಿಗೆ ನೀರು ಹತ್ತಿತ್ತು.

“ಏನೂ ಕಾಣವಲ್ದು” ಎಂದಳು. ನಾನು ಒರೆಸಹೋದೆ. “ಬ್ಯಾಡ, ಹಾಂಗೇ ಹಿಡಿ. ಸಪ್ಪಳ ಕೇಳಾಕತ್ತದ.”

ಬಹಳ ಹೊತ್ತು ಕೇಳಿದಳು. ಆಮೇಲೆ, “ಛತ್ರಿ ಹಿಡದೀಯೇನು?” ಎಂದಳು.

“ಹೂಂ ಅಕ್ಕಾ.”

“ಮುಚ್ಚು ಅದನ್ನ.”

ಮುಚ್ಚಿದೆ. ಭೂಗೋಳದ ಮೇಷ್ಟ್ರು ನಡುಬೀದಿಯಲ್ಲಿ ನಿಂತು ತೊಯ್ದು ತೊಪ್ಪೆಯಾದ. ತೋಯಬೇಕಾದವಳು ಕೆಂಭಾವಿಯ ಪಡಸಾಲೆಯಲ್ಲಿ ಒಣಗಿ ಕೂತಿದ್ದಳು.