ಅಳೆಯದೆ ಬರೆಯದ ಸಿಸ್ಟರ್

ಸಿಸ್ಟರ್ ಅವರ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು. ಉಗುರನ್ನು ಮಾಂಸಕ್ಕೆ ಸಮನಾಗಿ ಕತ್ತರಿಸಿರುತ್ತಿದ್ದರು. ಬಸುರಿ ಹೆಂಗಸು ಎದುರು ಕುಳಿತ ಕೂಡಲೇ ಅವಳ ಸೀರೆಯ ಅಂಚನ್ನು ಒಂದು ಗೇಣು ಸರಿಸಿ, ಪಾದದ ಗಂಟಿನ ಮೇಲೆ ಆ ಬೆರಳನ್ನು ಒತ್ತಿ ಹಿಡಿದು, ಬಿಟ್ಟು, ಕುಳಿ ಉಳಿಯಿತೇ ಎಂದು ನೋಡುತ್ತಿದ್ದರು. ಉಳಿದರೆ ಕಾಲು ಊದಿದೆ ಎಂದು ಅರ್ಥ, ಅವರ ಮುಖ ಗಂಟಿಕ್ಕುತ್ತಿತ್ತು. ಉಳಿಯದಿದ್ದರೂ ಆ ಮುಖದಲ್ಲಿ ಹೆಚ್ಚು ಬದಲಾವಣೆ ಕಾಣುತ್ತಿರಲಿಲ್ಲ.

ಅಂತರಸಂತೆ ಹತ್ತಿರದ ನಮ್ಮೂರಿನ ಆರೋಗ್ಯ ಉಪಕೇಂದ್ರದಲ್ಲಿ ಅವರು ನರ್ಸ್, ನಾನು ಆಶಾ ಕಾರ್ಯಕರ್ತೆ. ಆರು ವರ್ಷ ಅವರ ಹಿಂದೆ ಮನೆ ಮನೆ ತಿರುಗಿದೆ. ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ. ರೇಗಿದ್ದೆಲ್ಲ ನೆನಪಿದೆ.

ಕೇಂದ್ರದ ಗೋಡೆಗೆ ಸರ್ಕಾರದ ಮಾರ್ಗಸೂಚಿಯ ಹಾಳೆ ಅಂಟಿಸಿತ್ತು. ಬಸುರಿಯನ್ನು ಕಡಿಮೆಯೆಂದರೂ ನಾಲ್ಕು ಸಲ ತಪಾಸಣೆ ಮಾಡಬೇಕು, ಪ್ರತಿ ಸಲವೂ ತೂಕ, ಬಿ.ಪಿ., ರಕ್ತ, ಮೂತ್ರ ನೋಡಬೇಕು ಎಂದು ಅದರಲ್ಲಿತ್ತು. ಸಿಸ್ಟರ್ ಅದನ್ನು ತಾವೇ ಯಾರಿಗೋ ಕೊಟ್ಟ ಮಾತು ಎಂಬಂತೆ ನಡೆಸುತ್ತಿದ್ದರು. ನಡೆಸುವುದಕ್ಕೆ ಸಾಮಾನು ಬೇಕಲ್ಲ. ಬಿ.ಪಿ. ಯಂತ್ರದ ಗಾಳಿಯೊತ್ತುವ ರಬ್ಬರ್ ಉಂಡೆ ಬಿರುಕು ಬಿಟ್ಟು ಮೂರು ತಿಂಗಳಾಗಿತ್ತು. ತಾಲ್ಲೂಕು ಕೇಂದ್ರವಾದ ಕೋಟೆಯ ಮೀಟಿಂಗಿನಲ್ಲಿ ಕೇಳಿದಾಗಲೆಲ್ಲ ಬರುತ್ತೆ ಎಂಬ ಉತ್ತರ ಬರುತ್ತಿತ್ತು, ಉಂಡೆ ಬರುತ್ತಿರಲಿಲ್ಲ. ತಪಾಸಣೆಯ ವಿವರ ತುಂಬುವ ಮೊಬೈಲಿನ ಆ್ಯಪ್ ಬೇರೆ. ಅದರಲ್ಲಿ ಬಿ.ಪಿ.ಯ ಚೌಕ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಹಾಗಾಗಿ ಯಂತ್ರ ಕೆಟ್ಟ ಕಡೆಯಲ್ಲೆಲ್ಲ ಬಸುರಿಯರ ಬಿ.ಪಿ. ನೂರಹತ್ತು, ಎಪ್ಪತ್ತು. ಸಿಸ್ಟರ್ ಮಾತ್ರ ಪುಟವನ್ನು ಅಲ್ಲಿಗೇ ನಿಲ್ಲಿಸಿ, ಮೀಟಿಂಗಿನಲ್ಲಿ ಎದ್ದು ನಿಂತು ಬೈಸಿಕೊಂಡು ಬರುತ್ತಿದ್ದರು.

"ನಾಕು ಸಲ ನೋಡಿ ಅಂತ ಹೇಳವ್ರೆ ಕಣಮ್ಮ, ನಾಕು ಸಲ ಬರ್ಕಳಿ ಅಂತಲ್ಲ" ಎನ್ನುತ್ತಿದ್ದರು. ಅವರು ಬೈಸಿಕೊಂಡರೆ ನನಗೂ ಅದರಲ್ಲಿ ಪಾಲು. ಈ ಹಟ ನನಗೆ ಸಾಕಾಗಿತ್ತು.

ಒಂದು ತಪಾಸಣೆಯ ದಿನ ಏಳು ತಿಂಗಳ ಚೊಚ್ಚಲ ಬಸುರಿಯೊಬ್ಬಳು ಬಂದಳು. ಕಾಲಿನಲ್ಲಿ ಕುಳಿ ಉಳಿಯಿತು. ಸಿಸ್ಟರ್ ಅವಳ ತಾಯಿ ಕಾರ್ಡಿನಲ್ಲಿ ಬಿ.ಪಿ.ಯ ಜಾಗ ಖಾಲಿ ಬಿಟ್ಟು, ಗುರುವಾರ ತಪ್ಪದೆ ಅಂತರಸಂತೆ ಆಸ್ಪತ್ರೆಗೆ ಹೋಗಿ ನೋಡಿಸಿಕೋ ಎಂದು ಎರಡು ಸಲ ಹೇಳಿ, ಇಂಜೆಕ್ಷನ್ ಕೊಡಲು ಒಳಗೆ ಹೋದರು. ಫೋನು ನನ್ನ ಕೈಯಲ್ಲಿತ್ತು. ಹೊರಗೆ ಇನ್ನೂ ಹನ್ನೊಂದು ಜನ ಕುಳಿತಿದ್ದರು. ನಾನು ನೂರಹತ್ತು, ಎಪ್ಪತ್ತು ಒತ್ತಿದೆ. ಪುಟ ಮುಂದೆ ಹೋಯಿತು. ಫೋನಿಗೂ ಕಾರ್ಡಿಗೂ ತಾಳೆಯಾಗಬೇಕೆಂದು ಅವಳ ಎದುರೇ ಕಾರ್ಡಿನಲ್ಲೂ ಅದನ್ನೇ ಬರೆದೆ. ಸಿಸ್ಟರ್‌ಗೆ ಹೇಳಲಿಲ್ಲ.

ಎಂಟನೆಯ ದಿನ ಸಿಸ್ಟರ್ ಬೇರೆ ಕೇಂದ್ರದಿಂದ ಯಂತ್ರವೊಂದನ್ನು ಕೇಳಿ ತಂದರು. ಇಬ್ಬರೂ ಅವಳ ಮನೆಗೆ ಹೋದೆವು. ಸೀಮಂತ ಮುಗಿದಿತ್ತು. ಮೊಣಕೈವರೆಗೆ ಹಸಿರು ಬಳೆ ತೊಟ್ಟು ಕುಳಿತಿದ್ದಳು. ತವರಾದ ಭೇರ್ಯಕ್ಕೆ ಕರೆದೊಯ್ಯಲು ಕಾರು ಬಾಗಿಲಲ್ಲಿತ್ತು. ಗುರುವಾರ ಯಾಕೆ ಹೋಗಲಿಲ್ಲ ಎಂದು ಸಿಸ್ಟರ್ ರೇಗಿದರು. ಅತ್ತೆ ಕಾರ್ಡು ತಂದು ಮುಂದೆ ಹಿಡಿದಳು.

"ನೀವೇ ಎಲ್ಲ ನೋಡಿ ಬರ್ದಿದ್ದೀರಲ್ಲ ಸಿಸ್ಟ್ರೇ. ನಮ್ಮನೆಯವ್ರು ಓದ್ಬುಟ್ಟು ಚೆಂದಾಗದೆ ಅಂದ್ರು. ಕಾಲು ಊದ್ಕಳದು ಬಸ್ರೀಲಿ ಇದ್ದದ್ದೇಯ, ನಮ್ಗೆಲ್ಲ ಊದ್ಲಿಲ್ವಾ?"

ಸಿಸ್ಟರ್ ಕಾರ್ಡನ್ನು ನೋಡಿದರು. ಆಮೇಲೆ ನನ್ನನ್ನು. ನನ್ನ ಕೈಬರಹ ಅವರಿಗೆ ಗೊತ್ತು.

"ಇದು ಸುಳ್ಳು ಕಣವ್ವ. ಅವತ್ತು ನಾವು ನೋಡೇ ಇರ್ಲಿಲ್ಲ."

ನಾವು ಎಂದರು. ಇವಳು ಬರೆದದ್ದು ಎನ್ನಲಿಲ್ಲ.

ತೋಳಿಗೆ ಯಂತ್ರದ ಪಟ್ಟಿ ಕಟ್ಟಿ ನೋಡಿದರು. ನೂರ ಅರವತ್ತು, ನೂರಹತ್ತು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು, ಅಷ್ಟೇ ಬಂತು. ಎರಡು ದಿನದಿಂದ ತಲೆನೋವು, ಒಲೆಯ ಹೊಗೆಗೆ ಇರಬೇಕು ಎಂದಳು ಹುಡುಗಿ. ಮಡಿಲು ತುಂಬಿದ ಮೇಲೆ ತವರಿಗೆ ಹೋಗದೆ ಆಸ್ಪತ್ರೆಯ ದಾರಿ ಹಿಡಿಯುವುದೇ ಎಂದು ಅತ್ತೆ ಅಡ್ಡ ನಿಂತಳು. ಸಿಸ್ಟರ್ ಹುಡುಗಿಯ ಜೊತೆ ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡರು. ಕೋಟೆಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು. ಅಲ್ಲಿ ಆಸ್ಪತ್ರೆಯ ಬಾಗಿಲಲ್ಲೇ ಅವಳಿಗೆ ಫಿಟ್ಸ್ ಬಂತು. ಅವಳು ಉಳಿದಳು. ಮಗು ಉಳಿಯಲಿಲ್ಲ.

ಆ ಫೋನಿನ ಲಾಗಿನ್ ಸಿಸ್ಟರ್ ಹೆಸರಿನದು. ನೋಟೀಸು ಅವರಿಗೆ ಬಂತು. ಆ ಸಂಖ್ಯೆ ಅಳೆದದ್ದಲ್ಲ, ಹೊಣೆ ತಮ್ಮದು ಎಂದು ಅವರು ಉತ್ತರ ಬರೆದರು. ಆಫೀಸಿಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ನಾನು ಅತ್ತುಬಿಟ್ಟೆ. ಅವರಿಗೆ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ.

"ಆಫೀಸಿನವ್ರ ಮಗುವಾ ಹೋಗಿದ್ದು? ಆ ಹುಡ್ಗಿಗೆ ಹೇಳು, ಹೋಗು."

ನಾನು ಹೋಗಲಿಲ್ಲ. ಅವರನ್ನು ಪಿರಿಯಾಪಟ್ಟಣದ ಕಡೆಗೆ ವರ್ಗ ಮಾಡಿದರು. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಎರಡೇ ಪ್ರಶ್ನೆ: ಮಿಷಿನ್ ಬಂತಾ, ಹೇಳಿದೆಯಾ. ಮಿಷಿನ್ ಬಂತು ಎಂದು ಒಂದು ದಿನ ಹೇಳಲಾಯಿತು. ಎರಡನೆಯದಕ್ಕೆ ಇನ್ನೂ ಇಲ್ಲ ಎಂದರೆ ಅವರು ಫೋನು ಇಟ್ಟುಬಿಡುತ್ತಿದ್ದರು.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ನಾನು ಆ ಮನೆಗೆ ಹೋದೆ. ಆ ಹುಡುಗಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಆ ದಿನ ಆದದ್ದನ್ನು ಮೊದಲಿನಿಂದ, ಏನೂ ಬಿಡದೆ ಹೇಳಿದೆ. ಅವಳು ತಲೆಯೆತ್ತಲಿಲ್ಲ.

"ಗೊತ್ತಿತ್ತು ಕಣಕ್ಕ. ಅವತ್ತು ನನ್ ತೋಳ್ಗೆ ನೀವು ಪಟ್ಟೀನೇ ಕಟ್ಲಿಲ್ವಲ್ಲ. ಆದ್ರೂ ಬರುದ್ರಿ. ಓದ್ದೋರು, ಕಟ್ದಿದ್ರೂ ಗೊತ್ತಾಯ್ತದೇನೋ ಅಂದ್ಕಂಡೆ."